ಬೆನ್ನಿಗೆ ರೇಜರ್: ಬ್ಲೇಡು ಆಮೇಲೆ, ಮೊದಲು ಹಿಡಿ ನೋಡಿ

ಧರ್ಮಸ್ಥಳದಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ದೇವರ ದರ್ಶನಕ್ಕೆ ಹೋಗಬೇಕು. ಗೊತ್ತಿರುವ ವಿಷಯವೇ. ಹೋದ ವರ್ಷ ಬೇಸಗೆ ರಜೆಯಲ್ಲಿ ಹೋದಾಗ ಸಾಲು ಉದ್ದ ಇತ್ತು. ನನ್ನ ಹಿಂದೆ ಅಮ್ಮನ ಸೊಂಟದ ಮೇಲೆ ಕೂತಿದ್ದ ಒಂದು ಮಗು ನನ್ನ ಬೆನ್ನಿನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆಯಿತು. ತಿರುಗಿ ನೋಡಿದೆ. ಮಗು ಹೆದರಲಿಲ್ಲ. ಅದರ ಅಮ್ಮನಿಗೇ ಕೈಕಾಲು ಬಿದ್ದುಹೋಯಿತು. "ಸಾರಿ ಅಣ್ಣ, ಮನೆಯಲ್ಲಿ ನಾಯಿ ಉಂಟು, ಅದನ್ನು ಹೀಗೇ ಎಳೆಯುವುದು" ಎಂದರು.

ಬರೀ ನಾಚಿಕೆಯ ಪ್ರಶ್ನೆ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ನಾಲ್ವತ್ತಾರು ವರ್ಷ ಹೊತ್ತುಕೊಂಡು ಬಂದ ಕೂದಲು, ಇನ್ನೂ ಸ್ವಲ್ಪ ದಿನ ಇರಲಿ ಅಂತ. ಆದರೆ ನನ್ನದು ಪುತ್ತೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಗೆ ಬಂತೆಂದರೆ ಅಡಿಕೆ ತೋಟದವರ ಪಂಪುಗಳು ಒಂದರ ಹಿಂದೆ ಒಂದು ಸುಟ್ಟು ಬರುತ್ತವೆ. ತಗಡಿನ ಮಾಡು, ವಾರ್ನಿಷ್ ಒಣಗಿಸುವ ಬಿಸಿ, ಮೇಲೆ ನಮ್ಮ ಕರಾವಳಿಯ ಸೆಕೆ. ಬೆನ್ನಿನ ಕೂದಲಿನಲ್ಲಿ ಬೆವರು ನಿಂತು ಗುಳ್ಳೆ ಎದ್ದು, ರಾತ್ರಿ ಬಾಗಿಲ ದಾರಂದಕ್ಕೆ ಬೆನ್ನು ಉಜ್ಜುವ ಸ್ಥಿತಿ ಬಂತು. ಡಾಕ್ಟರ್ ಮುಲಾಮು ಬರೆದುಕೊಟ್ಟರು. "ಇದು ಚರ್ಮಕ್ಕೆ ತಾಗಬೇಕಲ್ವಾ, ಕೂದಲು ಸ್ವಲ್ಪ ಚಿಕ್ಕದು ಮಾಡಿಸಿ. ನುಣ್ಣಗೆ ಬೋಳಿಸಲೇಬೇಕು ಅಂತೇನಿಲ್ಲ. ಗುಳ್ಳೆ ಒಣಗುವ ತನಕ ಬ್ಲೇಡು ಮುಟ್ಟಿಸಬೇಡಿ" ಎಂದರು. ಈ ಕೊನೆಯ ಮಾತು ನೆನಪಿಡಿ. ಗುಳ್ಳೆಯ ಮೇಲೆ ಬ್ಲೇಡು ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಹೋದದ್ದು ನಮ್ಮ ಮಾಮೂಲಿ ಕಟಿಂಗ್ ಶಾಪಿಗೆ. ಅವರು ಮಷಿನ್ ಹಾಕಿ ಹತ್ತು ನಿಮಿಷದಲ್ಲಿ ಚಿಕ್ಕದು ಮಾಡಿದರು. ಕೆಲಸ ಚೆನ್ನಾಗಿತ್ತು. ಕಷ್ಟ ಬೇರೆ. ಭಾನುವಾರ ಬೆಳಿಗ್ಗೆ ಅಲ್ಲಿ ಅರ್ಧ ಊರು ಪೇಪರ್ ಓದುತ್ತಾ ಕೂತಿರುತ್ತದೆ. ಅಂಗಿ ಬಿಚ್ಚಿ ಕುರ್ಚಿಯಲ್ಲಿ ಉಲ್ಟಾ ಕೂತರೆ ಎಲ್ಲರಿಗೂ ಹೇಳಲು ಒಂದೊಂದು ಮಾತು. ಒಬ್ಬರಂತೂ "ಇದಕ್ಕೆ ಹುಲ್ಲು ಹೊಡೆಯುವ ಮಷಿನ್ ಬೇಕು" ಎಂದರು. ಮೂರು ವಾರಕ್ಕೊಮ್ಮೆ ಈ ನಾಟಕ ನನ್ನಿಂದಾಗದು. ಹೆಂಡತಿಗೆ ಹೇಳಿದೆ. ಎರಡು ಸಲ ಮಾಡಿದಳು, ಮೂರನೇ ಸಲಕ್ಕೆ "ನನಗೆ ದೋಸೆ ಹಿಟ್ಟು ಕಡೆಯಲಿಕ್ಕೆ ಉಂಟು" ಅಂದಳು. ರಾತ್ರಿ ಎಂಟೂವರೆಗೆ.

ಹಾಗಾಗಿ ನಾನೇ ಮಾಡಿಕೊಳ್ಳಬೇಕು ಅಂತ ಆಯಿತು. ಒಂದು ವರ್ಷದಲ್ಲಿ ಮಾಡಿದ ಪ್ರಯೋಗಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ನನ್ನದು, ರಕ್ತವೂ ನನ್ನದೇ.

ಕೂದಲು ತೆಗೆಯುವ ಕ್ರೀಮಿನ ಕಥೆ ಬೇಗ ಮುಗಿಸುತ್ತೇನೆ. ಅದರಲ್ಲಿ ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ ಇರುತ್ತದೆ, ಕೂದಲಿನ ಕಟ್ಟನ್ನೇ ಸಡಿಲ ಮಾಡಿ ಮೆತ್ತಗೆ ಮಾಡುತ್ತದೆ. ಚರ್ಮವೂ ಸ್ವಲ್ಪ ಅದೇ ಜಾತಿಯ ವಸ್ತು. ಅದಕ್ಕೇ ಇಷ್ಟು ನಿಮಿಷಕ್ಕಿಂತ ಜಾಸ್ತಿ ಇಡಬೇಡಿ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಬೆನ್ನಿನ ನಡುವೆ ಹಚ್ಚಲು ಹೇಗೋ ಆಯಿತು, ಸಮಯಕ್ಕೆ ಸರಿಯಾಗಿ ಒರೆಸಲು ಕೈ ಹೋಗಲಿಲ್ಲ. ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಉರಿದು ಕೆಂಪಾಯಿತು. ತಪ್ಪು ನನ್ನದೇ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ ಜಾಗದಲ್ಲಿ ಗಡಿಯಾರ ನೋಡಿಕೊಂಡು ಮಾಡುವ ಕೆಲಸ ಬೇಡ. ವಾಸನೆಯ ಬಗ್ಗೆ ಹೇಳುವುದಿಲ್ಲ, ಊಟದ ಹೊತ್ತು.

ಆಮೇಲೆ ಕರೆಂಟಿನದ್ದು. ಬಾವ ದುಬೈಯಿಂದ ತಂದದ್ದು, ಅವನ ಬೆನ್ನಿಗೆ. ಉದ್ದ ಹಿಡಿ, ತುದಿಯಲ್ಲಿ ಜಾಲರಿ ಇರುವ ಶೇವರ್ ತಲೆ. ಒಂದು ತಿಂಗಳು ನನ್ನ ಹತ್ತಿರ ಇತ್ತು. ಬಿಚ್ಚಿಯೂ ನೋಡಿದೆ, ಬಾವನಿಗೆ ಹೇಳಬೇಡಿ. ಮೋಟಾರು ಪಾಪ, ಚೆನ್ನಾಗಿಯೇ ಉಂಟು. ತೊಂದರೆ ಜಾಲರಿಯಲ್ಲಿ. ಜಾಲರಿಯ ತೂತಿನೊಳಗೆ ಕೂದಲು ನುಗ್ಗಿದರೆ ಮಾತ್ರ ಒಳಗಿನ ಬ್ಲೇಡು ಕತ್ತರಿಸುತ್ತದೆ. ಎರಡು ಮೂರು ದಿನದ ಕುರುಚಲು ಆದರೆ ನುಗ್ಗುತ್ತದೆ. ಮೂರು ವಾರದ ಕೂದಲು ಅಡ್ಡ ಮಲಗಿಬಿಡುತ್ತದೆ, ಜಾಲರಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಅಲ್ಲಲ್ಲಿ ಸಿಕ್ಕಿಕೊಂಡು ಕಿತ್ತು ಎಳೆಯುತ್ತದೆ ಕೂಡ. ಜೊತೆಗೆ ಮೋಟಾರು, ಬ್ಯಾಟರಿ ಎರಡೂ ತುದಿಯ ಕಡೆಗೇ. ತಲೆಯ ಹಿಂದೆ ಕೈ ಎತ್ತಿ ಐದು ನಿಮಿಷ ಹಿಡಿದರೆ ಹೆಗಲು ಸೋಲುತ್ತದೆ. ವಾರಕ್ಕೆ ಎರಡು ಸಲ ತಪ್ಪದೆ ಮಾಡುವ ಶಿಸ್ತಿನ ಮನುಷ್ಯರಿಗೆ ಇದು ಒಳ್ಳೆಯದೇ. ಗಾಯದ ಭಯ ಕಡಿಮೆ. ನಾನು ಆ ಜಾತಿ ಅಲ್ಲ.

ಇನ್ನು ಮೂರನೆಯದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಆನ್‌ಲೈನ್‌ನಲ್ಲಿ ಹುಡುಕಿದರೆ ನಿಮಗೂ ಮೊದಲು ಕಾಣುವುದು ಇದೇ ಮಾದರಿ. ಕಪ್ಪು ಪ್ಲಾಸ್ಟಿಕ್, ಎಸ್ ಆಕಾರದಲ್ಲಿ ಬಳುಕಿದ ಹಿಡಿ, ನಡುವೆ ಮಡಚುವ ಕೀಲು, ತುದಿಯಲ್ಲಿ ನಾಲ್ಕು ಇಂಚು ಅಗಲದ ಬ್ಲೇಡು. ನನಗೆ ಬಿದ್ದದ್ದು 749 ರೂಪಾಯಿ, ಎರಡು ಬ್ಲೇಡು ಸೇರಿ. ಫೋಟೋದಲ್ಲಿರುವ ಮನುಷ್ಯ ಒಂದೇ ಎಳೆತಕ್ಕೆ ಅರ್ಧ ಬೆನ್ನು ಸ್ವಚ್ಛ ಮಾಡಿ ನಗುತ್ತಿದ್ದ. ಅವನ ಬೆನ್ನು ನಮ್ಮ ಅಂಗಡಿಯ ಶಟರಿನ ಹಾಗೆ ಚಪ್ಪಟೆ.

ನಿಮ್ಮ ಬೆನ್ನು ಹಾಗಿಲ್ಲ. ನಡುವೆ ಬೆನ್ನುಮೂಳೆಯ ಉದ್ದಕ್ಕೂ ಒಂದು ತೋಡು. ಮೇಲೆ ಎರಡು ಕಡೆ ರೆಕ್ಕೆಮೂಳೆಯ ದಿಣ್ಣೆ. ಬಡಗಿಯನ್ನು ಕೇಳಿ ನೋಡಿ, ಅಗಲದ ಕೀಸುಳಿ ಗುಂಡಿಗೆ ಇಳಿಯುವುದಿಲ್ಲ, ದಿಣ್ಣೆಯನ್ನು ಮಾತ್ರ ಹೆರೆಯುತ್ತದೆ. ಇಲ್ಲೂ ಅದೇ ಆಯಿತು. ತೋಡಿನಲ್ಲಿ ಕೂದಲು ಹಾಗೇ ಉಳಿಯಿತು, ಹಿಂದಿನಿಂದ ನೋಡಿದರೆ ಬೋಳುಗುಡ್ಡದ ನಡುವೆ ಒಂದು ಕಾಲುದಾರಿ. ಬಲಗಡೆಯ ದಿಣ್ಣೆಯ ತುದಿ ಮಾತ್ರ ಚೆನ್ನಾಗಿ ಸಿಕ್ಕಿತು. ಹೆಂಡತಿಯ ಬಿಳಿ ಬೈರಾಸಿನಲ್ಲಿ, ಅಂದರೆ ಟವೆಲ್ಲಿನಲ್ಲಿ, ಆ ರಕ್ತದ ಕಲೆ ಇವತ್ತಿಗೂ ಉಂಟು.

ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು, ಬ್ಲೇಡಿಗಿಂತ ದೊಡ್ಡ ಕಳ್ಳ ಆ ಕೀಲು. ಅಂಗಡಿಯ ವೈಸ್‌ನಲ್ಲಿ ಹಿಡಿಯ ಬುಡ ಬಿಗಿದು ತುದಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದೆ. ಕೀಲಿನಲ್ಲಿ ಅರ್ಧ ನೂಲಿನಷ್ಟು ಆಟ, ಕಣ್ಣಿಗೆ ಕಾಣುವುದೇ ಕಷ್ಟ. ಬ್ಲೇಡಿನ ಹತ್ತಿರ ಬರುವಾಗ ಅದು ಅರ್ಧ ಇಂಚು ಆಗಿತ್ತು. ನಾವು ಕೈಯಲ್ಲಿ ಮೆಲ್ಲ ಒತ್ತುತ್ತೇವೆ, ಹಿಡಿ ಮೊದಲು ಬಗ್ಗುತ್ತದೆ, ಏನೂ ಆಗಲಿಲ್ಲ ಅಂತ ಇನ್ನೂ ಸ್ವಲ್ಪ ಒತ್ತುತ್ತೇವೆ, ಆಗ ಒಮ್ಮೆಲೇ ಟಕ್ ಅಂತ ಎದುರು ಬದಿಗೆ ಬಂದು ಕಚ್ಚುತ್ತದೆ. ಮುಖಕ್ಕೆ ಶೇವ್ ಮಾಡುವಾಗ ಕಣ್ಣು ನೋಡುತ್ತಿರುತ್ತದೆ, ಇನ್ನೊಂದು ಕೈ ಚರ್ಮ ಹಿಡಿದಿರುತ್ತದೆ. ಬೆನ್ನಿಗೆ ಎರಡೂ ಇಲ್ಲ. ಬ್ಲೇಡು ಎಲ್ಲಿದೆ, ಎಷ್ಟು ಒತ್ತುತ್ತಿದೆ ಅಂತ ಅಂಗೈಗೆ ತಿಳಿಸುವುದು ಹಿಡಿ ಒಂದೇ. ಅದೇ ಸುಳ್ಳು ಹೇಳಿದರೆ?

ಬ್ಲೇಡು ಮುಗಿದ ಮೇಲೆ ಇನ್ನೊಂದು ಪಾಠ. ಅದಕ್ಕೆ ಅದೇ ಕಂಪನಿಯ ಬ್ಲೇಡೇ ಆಗಬೇಕು. ಪುತ್ತೂರಿನಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲಿ ಕೇಳಿದರೆ ಫ್ಯಾನ್ಸಿ ಅಂಗಡಿಯವರು ನನ್ನ ಮುಖ ನೋಡಿದರು. ತರಿಸಿಕೊಳ್ಳೋಣ ಅಂದರೆ ಆ ಮಾರಾಟಗಾರರೇ ಮಾಯ. ಪಂಪಿನ ಕೆಲಸದಲ್ಲಿ ನಾನು ದಿನಾ ಗಿರಾಕಿಗಳಿಗೆ ಹೇಳುವ ಮಾತು ಇದು: ಬೇರಿಂಗು, ಸೀಲು ಊರಲ್ಲಿ ಸಿಗುವ ಪಂಪು ತಗೊಳ್ಳಿ ಮಾರಾಯ್ರೆ, ಹೊಳೆಯುವುದನ್ನು ನೋಡಿ ಮರುಳಾಗಬೇಡಿ ಅಂತ. ನನಗೇ ನೆನಪಾಗಲಿಲ್ಲ.

ನಾಲ್ಕನೆಯದು ನಿಂತಿತು. ಇದು ರೇಜರೇ ಅಲ್ಲ, ಬರೀ ಹಿಡಿ. ಒಂದೂಕಾಲು ಅಡಿ ಉದ್ದ, ಬಿಲ್ಲಿನ ಹಾಗೆ ಬಾಗಿದ ಒಂದೇ ತುಂಡು ಪ್ಲಾಸ್ಟಿಕ್. ಮಡಚುವುದಿಲ್ಲ, ಕೀಲು ಇಲ್ಲ. ತುದಿಯಲ್ಲಿ ರಬ್ಬರ್ ಹಾಕಿದ ಎರಡು ದವಡೆ, ಒಂದು ತಿರುಪು. ನಿಮ್ಮ ಮುಖದ ರೇಜರನ್ನೇ ಅದಕ್ಕೆ ಕಚ್ಚಿಸುವುದು. 599 ರೂಪಾಯಿ. ಇಷ್ಟಕ್ಕೆ ಇಷ್ಟಾ ಅಂತ ಮೊದಲು ಅನಿಸಿತು. ಈಗ ಹತ್ತು ತಿಂಗಳಾಯಿತು, ನಾನು ಬಳಸುವುದು ಇದನ್ನೇ.

ಒಂದು ದೋಷ ಹೇಳಲೇಬೇಕು. ಆ ತಿರುಪು ಪ್ಲಾಸ್ಟಿಕ್‌ನದ್ದು, ಎರಡನೇ ತಿಂಗಳಲ್ಲಿ ಅದರ ಸುರುಳಿ ಗೀರು ಸವೆಯಿತು. ಒದ್ದೆ ಕೈಯಲ್ಲಿ ಬಿಗಿಯಾಗುವುದಿಲ್ಲ, ರೇಜರ್ ಮೆಲ್ಲಗೆ ತಿರುಗುತ್ತದೆ. ಅದನ್ನು ಕಿತ್ತು ಹಾಕಿ ನೀರಿನ ಪೈಪಿಗೆ ಹಾಕುವ ಸ್ಟೀಲ್ ಹೋಸ್ ಕ್ಲಿಪ್ ಬಿಗಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕ್ಲಿಪ್ಪಿನ ಸ್ಕ್ರೂ ಚರ್ಮದ ಕಡೆಗೆ ಬರದ ಹಾಗೆ ಹೊರಮುಖ ಮಾಡಿ ಬಿಗಿಯಬೇಕು, ಇಲ್ಲದಿದ್ದರೆ ಬ್ಲೇಡು ಬಿಟ್ಟರೂ ಸ್ಕ್ರೂ ಗೀರುತ್ತದೆ.

ಅದಕ್ಕೆ ಯಾವ ರೇಜರ್ ಹಾಕುವುದು? ಮೂರು ಬ್ಲೇಡು, ಐದು ಬ್ಲೇಡಿನದ್ದು ಹಾಕಿ ನೋಡಿದೆ. ಬೆನ್ನಿನ ಕೂದಲು ಉದ್ದ, ಮೆತ್ತಗೆ. ಬ್ಲೇಡುಗಳ ನಡುವಿನ ಸಂದಿಯಲ್ಲಿ ಸೋಪಿನ ಜೊತೆ ಸೇರಿ ಕೊಟ್ಟಿಗೆಯ ಗೊಬ್ಬರದ ಹಾಗೆ ಕೂರುತ್ತದೆ, ನಲ್ಲಿಯ ಕೆಳಗೆ ಹಿಡಿದರೂ ಹೋಗುವುದಿಲ್ಲ. ಎರಡು ಎಳೆತಕ್ಕೊಮ್ಮೆ ತೊಳೆಯಬೇಕು. ಮತ್ತೊಂದು ತಾಪತ್ರಯವೂ ಉಂಟು. ಮೊದಲನೇ ಬ್ಲೇಡು ಕೂದಲನ್ನು ಸ್ವಲ್ಪ ಹೊರಗೆಳೆಯುತ್ತದೆ, ಹಿಂದಿನದ್ದು ಕತ್ತರಿಸುತ್ತದೆ, ತುದಿ ಚರ್ಮಕ್ಕಿಂತ ಒಳಗೆ ಹೋಗುತ್ತದೆ. ಮುಖಕ್ಕೆ ನುಣುಪು. ಬೆನ್ನಿಗೆ, ಅದೂ ಬೆವರುವ, ಬನಿಯನ್ ಉಜ್ಜುವ ಬೆನ್ನಿಗೆ, ಆ ಕೂದಲು ಹೊರಗೆ ಬರಲಾಗದೆ ಒಳಗೇ ಸುರುಳಿ ಸುತ್ತಿ ಗುಳ್ಳೆ ಆಗುತ್ತದೆ. ಯಾವ ಗುಳ್ಳೆ ಬೇಡ ಅಂತ ಇಷ್ಟೆಲ್ಲ ಶುರು ಮಾಡಿದ್ದೆನೋ ಅದೇ.

ಕೊನೆಗೆ ನಿಂತದ್ದು ಜಿಲೆಟ್ ಗಾರ್ಡ್. ಎಲ್ಲ ಗೂಡಂಗಡಿಯಲ್ಲಿ ನೇತುಹಾಕಿರುತ್ತಾರಲ್ಲ, ಅದೇ. 2010ರಲ್ಲಿ ಭಾರತಕ್ಕೆಂದೇ ಮಾಡಿ ಬಿಟ್ಟದ್ದು, ಆಗ ರೇಜರಿಗೆ 15 ರೂಪಾಯಿ, ಬ್ಲೇಡಿಗೆ 5. ನಮ್ಮಲ್ಲಿ ತುಂಬಾ ಜನ ನಲ್ಲಿ ಬಿಟ್ಟುಕೊಂಡು ಶೇವ್ ಮಾಡುವುದಿಲ್ಲ, ಒಂದು ಚೊಂಬು ನೀರಲ್ಲಿ ಮುಗಿಸುತ್ತಾರೆ, ಅದೂ ನಾಲ್ಕು ದಿನದ ಗಡ್ಡ. ಅದನ್ನು ನೋಡಿಯೇ ಮಾಡಿದ ರೇಜರ್ ಅದು. ಒಂದೇ ಬ್ಲೇಡು, ಮುಂದೆ ಚರ್ಮವನ್ನು ತಡೆಯಲು ಬಾಚಣಿಗೆ ಹಲ್ಲು, ಹಿಂದೆ ತೆರೆದ ಜಾಗ. ನೀರಲ್ಲಿ ಎರಡು ಸಲ ಆಡಿಸಿದರೆ ಸ್ವಚ್ಛ. ಬಡವರ ಮುಖಕ್ಕೆ ಮಾಡಿದ್ದು ನನ್ನ ಬೆನ್ನಿಗೆ ಹೇಳಿ ಮಾಡಿಸಿದ ಹಾಗಿದೆ. ತಲೆ ಸಣ್ಣದು, ಹಾಗಾಗಿ ಬೆನ್ನುಮೂಳೆಯ ತೋಡಿಗೂ ಇಳಿಯುತ್ತದೆ. ಎಳೆತ ಜಾಸ್ತಿ ಬೇಕು, ಸಮಯ ಜಾಸ್ತಿ ಹೋಗುತ್ತದೆ. ಹೋಗಲಿ.

ಎರಡು ಬದಿ ಅಲಗಿನ ಹಳೇ ಸೇಫ್ಟಿ ರೇಜರನ್ನೂ ಇದಕ್ಕೆ ಕಚ್ಚಿಸಬಹುದಾ ಅಂತ ಬಾವ ಕೇಳಿದ. ನಮ್ಮ ಕಟಿಂಗ್ ಶಾಪಿನವರು ಅಂಥ ಬ್ಲೇಡನ್ನೇ ಕಾಗದದ ಸಮೇತ ಎರಡಾಗಿ ಮುರಿದು ಕತ್ತಿಗೆ ಹಾಕುವುದು. ಒಳ್ಳೆ ಹರಿತ. ನಾನೂ ಮುಖಕ್ಕೆ ಅದನ್ನೇ ಬಳಸುತ್ತೇನೆ. ಆದರೆ ಅದಕ್ಕೆ ಓರೆ ಸರಿಯಾಗಿ ಹಿಡಿಯಬೇಕು, ಒಂದು ಚೂರು ತಪ್ಪಿದರೆ ಬಿಡುವುದಿಲ್ಲ. ಕಾಣದ ಜಾಗಕ್ಕೆ ಬೇಡ ಎಂದೆ. ಬಾವ ಕೇಳಲಿಲ್ಲ. ಮರುದಿನ ಅಂಗಿ ಹಾಕದೆ ಮನೆಯಲ್ಲೇ ಇದ್ದ.

ಈಗ ಬಚ್ಚಲಿನ ವಿಷಯ. ಅರ್ಧ ಗೆಲುವು ರೇಜರಿನಲ್ಲಲ್ಲ, ಇಲ್ಲೇ ಇದೆ. ಮೊದಲ ಸಲ ಮಾಡುವವರು ನೇರ ಬ್ಲೇಡಿಗೆ ಹೋಗಬೇಡಿ. ಒಂದು ಸಲ ಯಾರಿಂದಾದರೂ ಮಷಿನ್ ಹಾಕಿಸಿ ಚಿಕ್ಕದು ಮಾಡಿಸಿಕೊಳ್ಳಿ, ಮರ್ಯಾದೆ ಹೋದರೆ ಒಂದೇ ಸಲ ಹೋಗುತ್ತದೆ. ಹಂಡೆಯ ಬಿಸಿನೀರು ಐದು ನಿಮಿಷ ಬೆನ್ನಿಗೆ ಹೊಯ್ದುಕೊಳ್ಳಬೇಕು, ಒದ್ದೆಯಾದ ಕೂದಲು ಮೆತ್ತಗಾಗುತ್ತದೆ. ಸೋಪು ಹಚ್ಚುವುದು ಹೇಗೆ ಅಂತ ಬಹಳ ದಿನ ಒದ್ದಾಡಿದೆ. ಉದ್ದ ಬ್ರಷ್ಷು ತಂದೆ, ನೊರೆ ನೆಲಕ್ಕೆ ಬಿತ್ತು. ಈಗ ತೆಳ್ಳಗಿನ ಹಳೇ ಬೈರಾಸನ್ನು ಒದ್ದೆ ಮಾಡಿ, ನಡುವಿನ ಒಂದು ಮೊಳ ಜಾಗಕ್ಕೆ ಸೋಪು ತಿಕ್ಕಿ, ಎರಡು ತುದಿ ಹಿಡಿದು ಬೆನ್ನ ಹಿಂದೆ ಗರಗಸದ ಹಾಗೆ ಅತ್ತಿತ್ತ ಎಳೆಯುತ್ತೇನೆ. ಒಂದು ತುದಿ ಹೆಗಲ ಮೇಲಿಂದ, ಇನ್ನೊಂದು ಸೊಂಟದ ಬದಿಯಿಂದ. ಹಾಲಿನ ಹಾಗೆ ನೊರೆ ಬರುತ್ತದೆ. ಸೋಪು ಮುಗಿಯುವಾಗ ಕೂದಲೂ ಎದ್ದು ನಿಂತಿರುತ್ತದೆ.

ಕನ್ನಡಿ ಎದುರಿಗೆ ನಿಂತು ಮಾಡಬಾರದು. ಎರಡು ಕನ್ನಡಿ ಇಟ್ಟು ನೋಡಿದ್ದೇನೆ, ಕೈ ಬಲಕ್ಕೆ ಹೋಗಬೇಕಾದರೆ ಎಡಕ್ಕೆ ಹೋಗುತ್ತದೆ, ತಲೆ ಗಿರ್ ಅನ್ನುತ್ತದೆ. ಕಣ್ಣು ಮುಚ್ಚಿಕೊಂಡರೇ ಒಳ್ಳೆಯದು. ಕನ್ನಡಿ ಕೊನೆಗೆ, ಎಲ್ಲಿ ಬಿಟ್ಟುಹೋಯಿತು ಅಂತ ನೋಡಲು.

ಒಂದು ಉಪಾಯ ಸಿಗಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಬಲಗೈಯನ್ನು ತಲೆಯ ಮೇಲಿಂದ ಹಿಂದಕ್ಕೆ ಹಾಕಿದಾಗ ಬಲಗಡೆಯ ರೆಕ್ಕೆಮೂಳೆ ಹೊರಗೆ ಉಬ್ಬುತ್ತದೆ. ಬ್ಲೇಡು ಹೋಗಿ ತಾಗುವುದು ಅಲ್ಲಿಗೇ. ಹಾಗಾಗಿ ಬಲಗೈಯಲ್ಲಿ ಹಿಡಿದಾಗ ಎಡಭಾಗ ಮಾಡಬೇಕು, ಎಡಗೈಯಲ್ಲಿ ಬಲಭಾಗ. ಖಾಲಿ ಇರುವ ಕೈಯಿಂದ ಎದುರು ಹೆಗಲನ್ನು, ಚಳಿಯಾದಾಗ ಅಪ್ಪಿಕೊಳ್ಳುತ್ತೇವಲ್ಲ ಹಾಗೆ ಹಿಡಿದು, ಸ್ವಲ್ಪ ಮುಂದೆ ಬಗ್ಗಬೇಕು. ಚರ್ಮ ಚೆಂಡೆಯ ಹಾಗೆ ಬಿಗಿಯಾಗುತ್ತದೆ. ಒತ್ತಬಾರದು, ರೇಜರಿನ ತೂಕ ಸಾಕು. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಉಲ್ಟಾ ಎಳೆದು ನುಣುಪು ಮಾಡುವ ಆಸೆ ಬೇಡ. ಆಮೇಲೆ ತಣ್ಣೀರು. ಕೈಗೆ ಸಿಗುವ ಕಡೆ ಪಟಿಕದ ಕಲ್ಲು ತಿಕ್ಕಿದರೆ ಎಲ್ಲೆಲ್ಲಿ ಗೀರಿದೆ ಅಂತ ಅದೇ ಹೇಳುತ್ತದೆ, ಚುರ್ ಅಂತ. ಮಚ್ಚೆ, ನರಹುಲಿ ಇರುವವರು ಅದು ಎಲ್ಲೆಲ್ಲಿದೆ ಅಂತ ಮೊದಲೇ ಮನೆಯವರ ಹತ್ತಿರ ಫೋಟೋ ತೆಗೆಸಿ ನೋಡಿಕೊಳ್ಳಿ. ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದು ಗಾಯ ಬೇಗ ಒಣಗದಿದ್ದರೆ, ಬ್ಲೇಡಿನ ಆಸೆ ಬಿಟ್ಟು ಟ್ರಿಮ್ಮರಿಗೆ ತೃಪ್ತಿಪಡಿ. ಮತ್ತೆ ಬೆನ್ನಿನ ರೇಜರ್ ತಲೆ ಬೆನ್ನಿಗೇ ಇರಲಿ, ಮಗ ಅವಸರದಲ್ಲಿ ಮುಖಕ್ಕೆ ಎತ್ತಿಕೊಳ್ಳದ ಹಾಗೆ ಬೇರೆ ಕಡೆ ಇಡಿ.

ಬೋಳಿಸಿದರೆ ದಪ್ಪ ಬೆಳೆಯುತ್ತದೆ ಅಂತ ಅಮ್ಮ ಇವತ್ತಿಗೂ ಬೈಯುತ್ತಾರೆ. ಹಾಗೇನೂ ಇಲ್ಲ ಅಂತ 1928ರಲ್ಲೇ ಅಮೆರಿಕದಲ್ಲಿ ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ ಪರೀಕ್ಷೆ ಮಾಡಿ ಬರೆದಿದ್ದಾರೆ. ಕೂದಲಿನ ತುದಿ ಮೊದಲು ಚೂಪಾಗಿರುತ್ತದೆ, ಬ್ಲೇಡು ಹಾಕಿದ ಮೇಲೆ ಮೊಂಡಾಗುತ್ತದೆ, ಕೈಗೆ ಒರಟು ಸಿಗುತ್ತದೆ, ಅಷ್ಟೇ. ಅಮ್ಮನಿಗೆ ಹೇಳಿದೆ. "ಅವಳು ನಿನ್ನ ಬೆನ್ನು ನೋಡಿದ್ದಾಳಾ?" ಎಂದರು. ಆದರೂ ನಾಲ್ಕನೇ ದಿನದಿಂದ ಹತ್ತನೇ ದಿನದವರೆಗೆ ಮುಳ್ಳುಹಂದಿಯ ಹಾಗೆ ಚುಚ್ಚುವುದು ನಿಜ. ಆ ವಾರ ಬನಿಯನ್ ಸಡಿಲದ್ದು ಹಾಕಿ.

ಲೆಕ್ಕ ಹೇಳುವುದಾದರೆ ಮೂರು ವಾರಕ್ಕೊಮ್ಮೆ, ಸೋಪಿನಿಂದ ಪಟಿಕದವರೆಗೆ ಇಪ್ಪತ್ತೈದು ನಿಮಿಷ, ಪ್ರತಿ ಸಲ ಒಂದು ಹೊಸ ಬ್ಲೇಡು. ಹಳೇ ಬ್ಲೇಡಿನಲ್ಲಿ ಇನ್ನೊಂದು ಸಲ ಆಗುತ್ತದೆ ಅನ್ನುವ ಜಿಪುಣತನ ಮುಖದ ಮೇಲೆ ತೋರಿಸಿ, ಬೆನ್ನಿನ ಮೇಲೆ ಬೇಡ. ಗುಳ್ಳೆ ಈ ಬೇಸಗೆಯಲ್ಲಿ ಬಂತು, ಎರಡು ಸಲ, ಸಣ್ಣಗೆ. ದಾರಂದಕ್ಕೆ ಉಜ್ಜುವಷ್ಟು ಇರಲಿಲ್ಲ.

ಕೀಲಿನ ಆ 749 ರೂಪಾಯಿಯದ್ದು ಎಸೆಯಲು ಮನಸ್ಸಾಗಲಿಲ್ಲ. ಬ್ಲೇಡು ತೆಗೆದು ಬಟ್ಟೆ ಸುತ್ತಿ ಅಂಗಡಿಯಲ್ಲಿ ಜೇಡರ ಬಲೆ ತೆಗೆಯಲು ಇಟ್ಟಿದ್ದೇನೆ. ಅದಕ್ಕೆ ಚೆನ್ನಾಗಿದೆ.

ಬಾವ ನನಗಿಂತ ಅರ್ಧ ಅಡಿ ಎತ್ತರ, ನನ್ನ ಹಿಡಿ ಅವನಿಗೆ ಸಾಲಲಿಲ್ಲ. ಅವನಿಗೆಂದು ಒಂದು ನಾನೇ ಮಾಡಿದೆ. ವಯರಿಂಗಿಗೆ ಹಾಕುವ ಪಿವಿಸಿ ಪೈಪಿನ ತುಂಡು, ಒಳಗೆ ಹೊಯಿಗೆ (ಮರಳು) ತುಂಬಿಸಿ ಎರಡು ಬಾಯಿಗೂ ಬಟ್ಟೆ ತುರುಕಿದೆ. ಹೊಯಿಗೆ ಇಲ್ಲದಿದ್ದರೆ ಬಗ್ಗಿಸುವಾಗ ಪೈಪು ಮಡಚಿ ಚಪ್ಪಟೆ ಆಗುತ್ತದೆ. ಹೀಟ್ ಗನ್ ದೂರದಿಂದ ತಿರುಗಿಸಿ ತಿರುಗಿಸಿ ಹಿಡಿದು, ಹೊಗೆ ಬರಲು ಬಿಡದೆ, ಪೈಪು ಹಪ್ಪಳದ ಹಿಟ್ಟಿನಷ್ಟು ಮೆತ್ತಗಾದಾಗ ಪೇಂಟ್ ಡಬ್ಬಿಗೆ ಒತ್ತಿ ಬಗ್ಗಿಸಿ ಒದ್ದೆ ಗೋಣಿ ಹಾಕಿದೆ. ತುದಿಯನ್ನು ಹ್ಯಾಕ್ಸಾದಲ್ಲಿ ಎರಡು ಕಡೆ ಸೀಳಿ, ರೇಜರಿಗೆ ಸೈಕಲ್ ಟ್ಯೂಬ್ ಸುತ್ತಿ ಒಳಗೆ ತೂರಿಸಿ, ಮೇಲೆ ಹೋಸ್ ಕ್ಲಿಪ್. ಬಾವ ತಗೊಂಡು ಹೋಗುವ ತನಕ ಅದು ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು.

ಪಂಪು ತೆಗೆದುಕೊಂಡು ಹೋಗಲು ಬಂದ ತೋಟದವರೊಬ್ಬರು ಅದನ್ನೇ ನೋಡುತ್ತಾ ನಿಂತರು. "ಇದು ಎಂತದಕ್ಕೆ ಮಾರಾಯ್ರೆ, ಫುಟ್‌ವಾಲ್ವಿಗಾ?" ಎಂದರು. ಹೇಳಿದೆ. ಸುಮಾರು ಹೊತ್ತು ಮಾತಿಲ್ಲ. ಬಿಲ್ಲಿನ ದುಡ್ಡು ಎಣಿಸಿ ಕೊಟ್ಟರು, ಪಂಪನ್ನು ಜೀಪಿಗೆ ಹಾಕಿಸಿದರು, ಆಮೇಲೆ ಒಬ್ಬರೇ ವಾಪಸ್ ಬಂದು ಸಣ್ಣ ದನಿಯಲ್ಲಿ ಕೇಳಿದರು: "ಒಂದಕ್ಕೆ ಎಷ್ಟಾಗ್ತದೆ?"

ನೂರಿಪ್ಪತ್ತು ಎಂದೆ. ರೇಜರ್ ನೀವೇ ತರಬೇಕು.